ಬಿಚ್ಚಿದರೂ ಸಿಗದ ಸದ್ದು

ದೆನ್ಸ್ಯೊ ನನ್ನ ಕ್ಷೌರದಂಗಡಿಗೆ ಬಂದು ಕುರ್ಚಿಯಲ್ಲಿ ಕುಸಿದಾಗ ನಾನು ಬಟ್ಟೆ ಹೊದಿಸಲು ಹೋದೆ. ಅವನು ಗ್ರೀಸು ಮೆತ್ತಿದ ಬೆರಳುಗಳಿಂದ ನನ್ನ ಕೈ ತಳ್ಳಿದ. ಬತಾಂಗಾಸಿನ ಬಂದರು ಬೀದಿಯಲ್ಲಿ ಅವನಷ್ಟು ನಿಯತ್ತಿನ ಮೆಕ್ಯಾನಿಕ್ ಇಲ್ಲವೆಂದು ನಾನೇ ಎಷ್ಟೋ ಗಿರಾಕಿಗಳಿಗೆ ಹೇಳಿ ಕಳಿಸಿದ್ದೆ. ಹಾಗಾಗಿ ಅವನ ಆ ಅವಸ್ಥೆ ನೋಡಿ ನಾನು ಬಟ್ಟೆ ಮಡಚಿಟ್ಟೆ.

"ಕುಯಾ ಪಿದ್ಯೊ ಮೇಲಿದಾರಾ?" ಎಂದ. "ಅವರ ಕೈಲೂ ಆಗಲ್ಲ ಅಂದ್ರೆ ನಾನು ಗ್ಯಾರೇಜಿಗೆ ಬೀಗ ಹಾಕಿ ಊರು ಬಿಡ್ತೀನಿ."

ಪಿದ್ಯೊ ನನ್ನ ಮಹಡಿಯ ಬಾಡಿಗೆದಾರ, ಬೀದಿಗೆಲ್ಲ ಕುಯಾ, ಅಂದರೆ ಅಣ್ಣ. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಸವೆಸಿ, ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವನು. ಕಳೆದುಹೋದ ಕೋಳಿಯಿಂದ ಹಿಡಿದು ಕದ್ದ ಪಂಪಿನವರೆಗೆ ಬೀದಿಯ ಒಗಟುಗಳೆಲ್ಲ ಅವನ ಬಳಿಗೇ ಬರುತ್ತವೆ. ನಾನು ಅಂಗಡಿ ಮುಚ್ಚಿ ಸಂಬಳವಿಲ್ಲದ ಆಳಿನ ಹಾಗೆ ಅವನ ಹಿಂದೆ ಹೋಗುತ್ತೇನೆ. ಒಣಮೀನು ಅಗಿಯುತ್ತ ಅವನು ಕೆಳಗಿಳಿದು ಬಂದ.

ದೆನ್ಸ್ಯೊ ಎಲ್ಲವನ್ನೂ ಹೇಳಿಕೊಂಡ. ಗೊರ್ಯೊ ಜನರನ್ನು ತುಂಬಿಕೊಂಡು ಬಂದರು ದಾರಿಯಲ್ಲಿ ಜೀಪ್ನಿ ಓಡಿಸುವವನು. ಅದರ ಎಂಜಿನ್ ಇಳಿಸಿ, ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿ, ದೆನ್ಸ್ಯೊ ಮತ್ತೆ ಕೂರಿಸಿದ್ದ. ಮೊದಲ ಸಲ ಚಾಲೂ ಮಾಡಿದಾಗಲೇ ಗಡಗಡ ಸದ್ದು. ಎಂಜಿನ್ ಕೂತಲ್ಲೇ ಇರಲಿ ಎಂದು ಕೆಳಗೆ ಮಲಗಿ ಎರಡು ಬಾರಿ ಬಿಚ್ಚಿ ನೋಡಿದ್ದ. ಎಲ್ಲ ಸರಿಯಿತ್ತು, ಸದ್ದೂ ಇತ್ತು. ಹೊಸ ಸಾಮಾನು ಮಾರಿಕೊಂಡು ಹಳೆಯದನ್ನೇ ತುರುಕಿದ್ದಾನೆಂದು ಗೊರ್ಯೊ ಬೀದಿಯೆಲ್ಲ ಸಾರಿದ್ದ. ರಿಪೇರಿಗೆ ನಿಂತಿದ್ದ ಗಾಡಿಗಳನ್ನು ಜನ ಎಳೆದುಕೊಂಡು ಹೋಗಿದ್ದರು. ಅಂದು ಸಂಜೆ ಬೀದಿಯ ಮುಖ್ಯಸ್ಥೆ ಲುಸಿಂಗ್ ಗ್ಯಾರೇಜಿನಲ್ಲೇ ಪಂಚಾಯಿತಿ ಕರೆದಿದ್ದಳು.

"ನನ್ನ ಹೆಂಡ್ತೀನೂ ಕೇಳಿದ್ಲು, ಕುಯಾ," ಎಂದ ದೆನ್ಸ್ಯೊ. "ಬೈಯಲ್ಲ, ನಿಜ ಹೇಳು ಅಂದ್ಲು."

ಪಿದ್ಯೊ ಒಣಮೀನು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡ.

ಗ್ಯಾರೇಜಿನಲ್ಲಿ ಗೊರ್ಯೊ ಕೂಗಾಡುತ್ತಿದ್ದ. ಅವನ ತಾಯಿ ಇಸ್ಯಾಂಗ್ ಬೆಂಚಿನ ಮೇಲೆ ಕೂತಿದ್ದರು. ಇಡೀ ಬೀದಿಗೆ ಆಕೆ ನಾನಾಯ್, ಎಲ್ಲರ ಅಮ್ಮ. ಎಂಜಿನ್ ಚಾಲೂ ಆಯಿತು. ಡಬ್ಬಿಯಲ್ಲಿ ಮೊಳೆ ಕುಲುಕಿದ ಹಾಗೆ ಸದ್ದು. ಪಿದ್ಯೊ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡ. ಸತ್ತ ಕಿವಿಯ ಕೆಲಸವನ್ನು ಅವನ ದವಡೆ ಮಾಡುತ್ತದೆ. ತುದಿಯನ್ನು ಎಂಜಿನ್ನಿನ ಮೈಮೇಲೆ ಅಲ್ಲಲ್ಲಿ ಊರಿದ, ಮುಖದಲ್ಲಿ ಏನೂ ಕಾಣಲಿಲ್ಲ. ಎಂಜಿನ್ ಹೊತ್ತ ಉಕ್ಕಿನ ತೊಲೆಯ ಮೇಲೆ ಊರಿದಾಗ ಮಾತ್ರ ಹುಬ್ಬು ಹಾರಿತು. ಆಕ್ಸಿಲರೇಟರ್ ಒತ್ತಿಸಿದ, ಸದ್ದು ನಿಂತಿತು. ಬಿಡಿಸಿದ, ಮತ್ತೆ ಬಂತು.

ಎಂಜಿನ್ ಕೂರಿಸಿದ ದಿನ ಯಾರ್ಯಾರಿದ್ದರೆಂದು ಕೇಳಿದ. ಅಂದು ಎಂಜಿನ್ ಇನ್ನೂ ಸರಪಳಿಯಲ್ಲಿ ನೇತಾಡುತ್ತಿದ್ದಾಗಲೇ ಗೊರ್ಯೊ ಬಿಳಿ ಕೋಳಿ ಕೊಯ್ದು, ಎಲ್ಲರೂ ಮಾಡುವ ಹಾಗೆ ಎಂಜಿನ್ನಿಗೂ ಅದರ ಕೆಳಗಿನ ತೊಲೆಗೂ ರಕ್ತ ಸುರಿದಿದ್ದ. ಆಮೇಲೆ ಎಲ್ಲರೂ ಹಿತ್ತಲಲ್ಲಿ ಅದೇ ಕೋಳಿಯ ಸಾರು ಉಣ್ಣಲು ಕೂತರು. ನಾನಾಯ್ ಮಾತ್ರ ಉಣ್ಣದೆ ಎಂಜಿನ್ ಪಕ್ಕದಲ್ಲಿ ಜಪಸರ ಹಿಡಿದು ಕೂತಿದ್ದರು. ಸರಪಳಿ ಸಾಲ ಕೊಟ್ಟಿದ್ದ ಎದುರು ಗ್ಯಾರೇಜಿನ ತಿನೊ ನಡುವೆ ಎದ್ದು ಕೊಕ್ಕೆ ನೋಡಿ ಬಂದಿದ್ದನಂತೆ. ದೆನ್ಸ್ಯೊನ ಅನುಮಾನವೆಲ್ಲ ಅವನ ಮೇಲೆ. ನನ್ನದೂ ಅಷ್ಟೇ.

ಗೊರ್ಯೊ ಎದೆ ಬಡಿದುಕೊಂಡ. "ನನ್ನ ಎಂಜಿನ್ಗೆ ಕೈ ಹಾಕಿದೋರು ಯಾರೇ ಆಗ್ಲಿ, ಇನ್ಮೇಲೆ ನನ್ನ ಹೊಸ್ತಿಲು ತುಳಿಯೋ ಹಾಗಿಲ್ಲ. ರಕ್ತಸಂಬಂಧ ಆದ್ರೂ ಸರಿ, ಆಣೆ."

ನಾನಾಯ್ ಮೆಲ್ಲಗೆ ಎದ್ದು, ತಾವೂ ಮಗನೂ ಇದ್ದ ಪಕ್ಕದ ಮನೆಗೆ ಹೋದರು. ಪಿದ್ಯೊ ನೀರು ಬೇಕೆಂದು ಅವರ ಹಿಂದೆಯೇ ನಡೆದ, ಅವನ ಹಿಂದೆ ನಾನು. ನಡುಮನೆಯ ಗೂಡಿನಲ್ಲಿ ಸಂತನ ಮೂರ್ತಿ. ಅದರ ಮುಂದಿನ ದೂಳಿನಲ್ಲಿ ಎರಡು ದುಂಡನೆಯ ಗುರುತುಗಳು. ಪಿದ್ಯೊ ನೀರು ಕುಡಿದು, ಮನೆಯ ಕಂಬಗಳು ಗಟ್ಟಿಯಾಗಿವೆಯೇ ಎಂದು ಕೇಳಿದ. ಕಂಬ ನಿಲ್ಲಿಸುವಾಗ ಬುಡಕ್ಕೆ ತಾವೇ ಕಾಸು ಹಾಕಿದ್ದಾಗಿಯೂ, ಯಾವ ಬಿರುಗಾಳಿಗೂ ಅವು ಅಲುಗಿಲ್ಲವೆಂದೂ ನಾನಾಯ್ ಹೇಳಿದರು. ಅಲ್ಲೊಬ್ಬ ಮಾನ ಹೋಗಿ ಸಾಯುತ್ತಿರುವಾಗ ಇವನು ಕಂಬ ವಿಚಾರಿಸುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದ ಮೇಲೆ ಬೈದೂ ಬಿಟ್ಟೆ. ಅವನು ತನ್ನ ಕೆಟ್ಟ ಕಿವಿಯನ್ನು ನನ್ನ ಕಡೆಗೆ ತಿರುಗಿಸಿದ.

ಸಂಜೆ ಎಲ್ಲರೂ ಸೇರಿದರು. ತಿನೊ ಕೈಕಟ್ಟಿ ನಿಂತಿದ್ದ. ದೆನ್ಸ್ಯೊ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನಾಯ್ ತೊಡೆಯ ಮೇಲೆ ಬಟ್ಟೆಯ ಗಂಟೊಂದಿತ್ತು. ತಿಂಡಿ ತಂದಿರಬೇಕೆಂದುಕೊಂಡೆ.

"ಸದ್ದು ಎಂಜಿನ್ ಒಳಗಿದ್ದಿದ್ರೆ ಅದರ ಮೈ ನಡುಗಬೇಕಿತ್ತು," ಎಂದು ಪಿದ್ಯೊ ಶುರುಮಾಡಿದ. "ಮೈ ಸುಮ್ಮನಿತ್ತು, ಕೆಳಗಿನ ತೊಲೆ ಬಡ್ಕೊಳ್ತಿತ್ತು. ಅಂದ್ರೆ ಎಂಜಿನ್ ಕೂತಿರೋ ಜಾಗದಲ್ಲೇ ತೊಂದರೆ. ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಒಂದು ಕಡೆ ವಾಲುತ್ತೆ, ಬಡಿಯೋದು ನಿಲ್ಲುತ್ತೆ. ದೆನ್ಸ್ಯೊ ಎರಡು ಸಲ ಬಿಚ್ಚಿದ, ಆದ್ರೆ ಅದು ಪಾದ ಊರಿರೋ ತೊಲೆಯಿಂದ ಎಂಜಿನ್ನ ಮೇಲೆತ್ತಲೇ ಇಲ್ಲ."

"ಹಾಗಾದ್ರೆ ತಿನೊ ಬೋಲ್ಟ್ ಸಡಿಲ ಮಾಡಿದಾನೆ," ಎಂದಳು ಲುಸಿಂಗ್.

"ಕೋಳಿ ಸಾರಿನ ಹೊತ್ತಿಗೆ ಬೋಲ್ಟೇ ಹಾಕಿರ್ಲಿಲ್ಲ. ತಿನೊ ನೋಡಿದ್ದು ಮೇಲಿನ ಕೊಕ್ಕೆ. ಇದು ಕೆಳಗಿನ ಕತೆ. ಕೆಡಿಸೋ ಮನಸ್ಸಿರೋನು ಮರಳು ಹಾಕ್ತಿದ್ದ. ಇಲ್ಲಿ ಯಾರೋ ಇದು ಅಲುಗದೆ ನಿಲ್ಲಲಿ ಅಂತ ಬಯಸಿದಾರೆ. ಎತ್ತಿ."

ಬೋಲ್ಟು ಬಿಚ್ಚಿ ಸರಪಳಿ ಎಳೆದರು. ಎಂಜಿನ್ ಬೆರಳಗಲ ಮೇಲೆದ್ದಿತು. ಅದರ ಎರಡೂ ಪಾದಗಳ ಕೆಳಗೆ, ರಬ್ಬರ್ ಮೆತ್ತೆಯ ಮೇಲೆ, ಒಣಗಿದ ರಕ್ತದಲ್ಲೂ ಗ್ರೀಸಿನಲ್ಲೂ ಹುದುಗಿ ಒಂದೊಂದು ಹಳೆಯ ಬೆಳ್ಳಿ ಪೆಸೊ ಕಾಸು ಕೂತಿತ್ತು. ಒಂದು ಜಾರಿ ಅಂಚು ಸವೆದು ಹೊಳೆಯುತ್ತಿತ್ತು. ಅದರಿಂದಲೇ ಪಾದ ಓರೆಯಾಗಿ ತೊಲೆಗೆ ಬಡಿಯುತ್ತಿತ್ತು. ಹಸಿ ರಕ್ತದಲ್ಲಿ ಹುದುಗಿದ್ದರಿಂದ ಕೂರಿಸುವಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪಿದ್ಯೊ ಅವನ್ನು ದೆನ್ಸ್ಯೊನ ಅಂಗೈಗೆ ಹಾಕಿದ. ದೆನ್ಸ್ಯೊ ಒರೆಸಿ ನೋಡಿದ, ಬೆಂಚಿನ ಮೇಲಿದ್ದ ನಾನಾಯ್ ಕಡೆಗೆ ನೋಡಿದ, ಬಿಳಿಚಿಕೊಂಡ.

"ನಾನೇ ಇಟ್ಟಿದ್ದು," ಎಂದ. "ಪಾದ ತಗ್ಗಿತ್ತು ಅಂತ. ಮರೆತುಬಿಟ್ಟೆ."

ಬೆಳಗಿನಿಂದ ಯಾವ ಒಳ್ಳೆಯ ಹೆಸರಿಗಾಗಿ ಗೋಗರೆದಿದ್ದನೋ ಅದನ್ನೇ ಎತ್ತಿ ಬಿಸಾಡಿದ್ದ. ನನಗೆ ಅಳು ಬಂತು, ಅವನ ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು.

"ಸುಳ್ಳು ಹೇಳೋದಾದ್ರೂ ಕಲಿತುಕೊಳ್ಳಪ್ಪ," ಎಂದ ಪಿದ್ಯೊ. "ಸಂತನ ಮುಂದಿನ ದೂಳಲ್ಲಿ ಇವುಗಳ ಜಾಗ ಹಾಗೇ ಇದೆ." ಯಾರ ಹೆಸರನ್ನೂ ಎತ್ತಲಿಲ್ಲ.

ನಾನಾಯ್ ಗಂಟು ಹಿಡಿದು ಎದ್ದು ನಿಂತರು.

"ನಮ್ಮ ಮದುವೇಲಿ ನಿಮ್ಮಪ್ಪ ಕೊಟ್ಟ ಕಾಸು ಅವು, ಗೊರ್ಯೊ. ದೋಣಿ ಕಟ್ಟಿಸಿದಾಗ ಅದರ ಹಾಯಿಕಂಬದ ಬುಡಕ್ಕೆ ಹಾಕೋಕೆ ಕೇಳಿದ. ಜೀವ ಒಪ್ಪಲಿಲ್ಲ, ಕೊಡಲಿಲ್ಲ. ಸಮುದ್ರಕ್ಕೆ ಹೋದೋನು ವಾಪಸ್ ಬರಲಿಲ್ಲ. ನಿನ್ನ ಗಾಡಿಗೂ ಹಾಗಾಗೋದು ಬೇಡ ಅಂತ ಇಟ್ಟೆ. ಸದ್ದು ಅದರದ್ದೇ ಅಂತ ನಂಗೇನು ಗೊತ್ತು? ಇವತ್ತು ಇವರು ಕಂಬದ ಮಾತೆತ್ತಿದಾಗ ಹೊಳೀತು. ಅಷ್ಟೊತ್ತಿಗೆ ನೀನು ಆಣೆ ಹಾಕಿ ಆಗಿತ್ತು." ಆಮೇಲೆ ಗಂಟನ್ನು ಎದೆಗವಚಿಕೊಂಡರು. "ನಿನ್ನ ಹೊಸ್ತಿಲು ತುಳಿಯಲ್ಲ, ಮಗಾ. ತಂಗಿ ಮನೇಲಿರ್ತೀನಿ."

ಗೊರ್ಯೊ ಮೊದಲು ದೆನ್ಸ್ಯೊನ ಎರಡೂ ಕೈ ಹಿಡಿದುಕೊಂಡ. ಬೀದಿಯಲ್ಲಿ ಸಾರಿದ್ದನ್ನು ಬೀದಿಯಲ್ಲೇ ಹಿಂತೆಗೆದುಕೊಳ್ಳಬೇಕೆಂದು ಲುಸಿಂಗ್ ಹೇಳಿದಳು, ಅವನು ತಲೆಯಾಡಿಸಿದ. ಬಾಗಿಲ ಹೊರಗೆ ನಿಂತಿದ್ದ ದೆನ್ಸ್ಯೊನ ಹೆಂಡತಿ ಒಳಗೆ ಬಂದು ಗಂಡನಿಗೆ ಸ್ಪ್ಯಾನರ್ ಎತ್ತಿಕೊಟ್ಟಳು. ಎಂಜಿನ್ ಇಳಿಸಿ ಬೋಲ್ಟು ಬಿಗಿದರು. ಚಾಲೂ ಮಾಡಿದಾಗ ಎಂಜಿನ್ನಿನ ಗುಂಯ್ ಒಂದನ್ನು ಬಿಟ್ಟು ಬೇರೆ ಸದ್ದಿರಲಿಲ್ಲ.

ಗೊರ್ಯೊ ತಾಯಿಯ ಕೈಯಿಂದ ಗಂಟು ತೆಗೆದುಕೊಂಡು ಬೆಳ್ಳಿ ಕಾಸುಗಳನ್ನು ಅದರೊಳಗೆ ಕಟ್ಟಿದ.

"ನಡಿ ಮನೆಗೆ," ಎಂದ.

"ಆಣೆ?" ಎಂದರು ನಾನಾಯ್.

"ನಾನೂ ಹೊಸ್ತಿಲು ತುಳಿಯಲ್ಲ. ಇಬ್ರೂ ಇನ್ಮೇಲೆ ಹಿತ್ತಲ ಬಾಗಿಲಿಂದಲೇ ಓಡಾಡೋಣ."