ಗಡಿಯಾರದಕ್ಕನ ಬಲಗಣ್ಣು

ಚಳಚಳ, ಆಮೇಲೆ ಟಕ್.

ಗೋಡೆಯಾಚೆಯ ಆ ಸಣ್ಣ ಸದ್ದಿಗೆ ಸೊಸೆಗೆ ಎಚ್ಚರವಾಯಿತು. ರಾತ್ರಿ ಎರಡು ಗಂಟೆ. ಪಕ್ಕದ ಮನೆಯಲ್ಲಿ ಗಡಿಯಾರದಕ್ಕನ ಗಂಡ ಎದ್ದು ಹೆಂಡತಿಯ ಕಣ್ಣಿಗೆ ಮದ್ದಿನ ಹನಿ ಬಿಡುತ್ತಿದ್ದ. ಹದಿನೈದು ದಿನಗಳಿಂದ ಇದೇ ಪಾಡು: ಅಲಾರಂ, ಸೀಸೆ ಕುಲುಕುವ ಚಳಚಳ, ಮುಚ್ಚಳದ ಟಕ್. ಸೊಸೆಗೆ ಮೊದಲೇ ನಿದ್ದೆ ಕಡಿಮೆ. ಪಕ್ಕದ ಮಂಚದಲ್ಲಿ ಅತ್ತೆ ಮಾತ್ರ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದರು.

ಅತ್ತೆ ಎಂದರೆ ಅವಳ ತಂದೆಯ ಅಕ್ಕ. ಮೂವತ್ತು ವರ್ಷ ಕಣ್ಣಿನ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ನಿವೃತ್ತರಾದವರು; ಬೀದಿಗೆಲ್ಲ ಕಾಂಪೌಂಡರಮ್ಮ. ಬೀದಿಯಲ್ಲಿ ಉಂಗುರ ಕಳೆದರೂ ಬೆಕ್ಕು ಸತ್ತರೂ ಜನ ಪೊಲೀಸರಿಗಿಂತ ಮೊದಲು ಇವರ ಬಾಗಿಲು ತಟ್ಟುತ್ತಿದ್ದರು.

ಬೆಳಗ್ಗೆ ತಟ್ಟಿದವಳು ಗಡಿಯಾರದಕ್ಕನೇ. ಕಪ್ಪು ಕನ್ನಡಕ ತೆಗೆದಾಗ ಬಲಗಣ್ಣು ಕೆಂಡದಂತಿತ್ತು.

"ಕಾಂಪೌಂಡರಮ್ಮ, ಮನೇಲೇ ಯಾರೋ ನನ್ನ ಕಣ್ಣು ಕಳೀತಿದಾರೆ."

ಅತ್ತೆ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಸೊಸೆಯ ಎದೆ ಚುರುಕ್ಕೆಂದಿತು. ನನ್ನ ಮಂಡಿನೋವನ್ನ ಒಂದು ದಿನವಾದರೂ ಹೀಗೆ ನೋಡಿದ್ದರಾ?

"ಡಾಕ್ಟ್ರು ಏನಂದ್ರು?"

"ಕ್ರಿಮಿ ಇಲ್ಲ, ಸೋಂಕಲ್ಲ ಅಂದ್ರು. ಮೈಯ ಕಾವಲು ಪಡೆಯೇ ತಪ್ಪು ತಿಳಿದು ಕಣ್ಣಿನ ಒಳಗೆ ಉರಿ ಹಚ್ಚಿದೆಯಂತೆ. ಬೆಳಗ್ಗೆ ಬೆನ್ನು ಹಿಡ್ಕೊಳ್ತಿತ್ತಲ್ಲ? ಬಗ್ಗಿ ಕೆಲಸ ಮಾಡಿ ಅಂದ್ಕೊಂಡಿದ್ವಿ. ಅದಕ್ಕೂ ಇದಕ್ಕೂ ಒಂದೇ ಬೇರು. ಉರಿ ಇಳಿಸೋಕೆ ಸ್ಟೆರಾಯ್ಡ್ ಹನಿ, ಪಾಪೆ ಒಳಗೆ ಅಂಟದೆ ಇರಲಿ ಅಂತ ಇನ್ನೊಂದು ಹನಿ. ಮೊದಲ ವಾರ ಅರ್ಧ ವಾಸಿ ಆಯ್ತು. ಎರಡನೇ ವಾರ ಮತ್ತೆ ಹೀಗೆ. ಔಷಧಿನ ಆಸ್ಪತ್ರೇಲಿ ಪರೀಕ್ಷೆ ಮಾಡಿದ್ರು, ಸರಿಯಾಗೇ ಇದೆಯಂತೆ."

"ಇನ್ನೂ ಇಳೀದಿದ್ರೆ?"

"ಕಣ್ಣಿನ ಪಕ್ಕ ಇಂಜೆಕ್ಷನ್ನು, ಆ ಪಡೆಯನ್ನೇ ಅಡಗಿಸೋ ಮಾತ್ರೆ. ದೃಷ್ಟಿ ಉಳಿಯುತ್ತೆ ಅಂತ ಮಾತು ಕೊಡಲ್ಲ ಅಂದ್ರು. ಮುಂದಿನ ತಿಂಗಳು ಬೇರೆ ಊರಿನ ಮ್ಯೂಸಿಯಂನಲ್ಲಿ ಹಳೇ ಗಡಿಯಾರಗಳ ಕೆಲಸಕ್ಕೆ ಸೇರಬೇಕು. ಮಸೂರ ಇಡೋದು ಈ ಕಣ್ಣಿಗೇ."

"ಅನುಮಾನ ಯಾರ ಮೇಲೆ?"

ಅಕ್ಕ ದನಿ ತಗ್ಗಿಸಿದಳು. "ಇವರ ಮೇಲೆ. ಹೋದ ವಾರ ಆ ಕೆಲಸದ ಕಾಗದ ಬಂದಾಗಿಂದ ಮುಖ ಗಂಟು ಹಾಕ್ಕೊಂಡಿದಾರೆ. 'ನಿನ್ನ ಹಿಂದೆ ಬರೋಕೆ ನಾನೇನು ಟೂಲ್ ಬಾಕ್ಸಾ?' ಅಂದ್ರು."

ಮೂವರೂ ಅಕ್ಕನ ಗಡಿಯಾರ ರಿಪೇರಿ ಅಂಗಡಿಗೆ ಹೋದರು. ಒಳಗಿನ ಕೆಲಸದ ಮೇಜಿನಲ್ಲಿ ಅವಳ ತಂಗಿ ಮಸೂರ ಹಾಕಿಕೊಂಡು ಕೂತಿದ್ದಳು. ಹಗಲಿನ ಹನಿ ಹಾಕುವವಳು ಅವಳು. ಅದಕ್ಕೆ ಇಲ್ಲೇ ಬೇರೆ ಸೀಸೆ. ಅವಳು ಎಣ್ಣೆಯ ಪುಟ್ಟ ಬಾಟಲಿಯನ್ನು ಮಲಗಿದ ಮಗುವನ್ನು ಎತ್ತುವಂತೆ ಎತ್ತಿದಳು.

"ಇಷ್ಟು ನಾಜೂಕು ಯಾಕಮ್ಮ?" ಎಂದರು ಅತ್ತೆ.

"ಕುಲುಕಿದ್ರೆ ಗುಳ್ಳೆ ಬರುತ್ತೆ ಕಾಂಪೌಂಡರಮ್ಮ. ಹನ್ನೆರಡು ವರ್ಷ ಅಕ್ಕನ ಹತ್ರ ಬೈಸ್ಕೊಂಡು ಕಲಿತದ್ದು."

ಅತ್ತೆ ಕಸದ ಬುಟ್ಟಿ ಕೆದಕಿ ಹನಿಮದ್ದಿನ ಖಾಲಿ ಸೀಸೆಯೊಂದನ್ನು ಎತ್ತಿದರು. "ಇದು ಮೊದಲ ವಾರದ್ದಾ?" ತಂಗಿ ಹೌದೆಂದು ತಲೆಯಾಡಿಸಿದಳು. ಅತ್ತೆ ಅದನ್ನು ಕಿಟಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿಕೊಂಡರು.

ಸಂಜೆ ಅಂಗಡಿಯ ಬಾಗಿಲು ಹಾಕಿಸಿ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. ಗಾಜಿನ ತುಂಡಿನ ಮೇಲೆ ಮೂರು ಸೀಸೆಗಳನ್ನು ಚೆನ್ನಾಗಿ ಕುಲುಕಿ ಒಂದೊಂದು ಹನಿ ಬಿಟ್ಟರು.

"ಇದು ಹೊಸದು, ತೆಳು ಹಾಲಿನ ಹಾಗಿದೆ. ಇದು ರಾತ್ರಿಯದು, ಮುಗೀತಾ ಬಂದಿದ್ರೂ ಹಾಗೇ ಇದೆ. ಇದು ಹಗಲಿನದು. ನೋಡಿ, ಕೆನೆ! ಈ ಮದ್ದು ನೀರಿನಲ್ಲಿ ಕರಗಲ್ಲ, ತಳಕ್ಕೆ ಕೂರುತ್ತೆ. ಕುಲುಕದೆ ಹಾಕಿದ್ರೆ ಕಣ್ಣಿಗೆ ಬೀಳೋದು ಮೇಲಿನ ನೀರು. ಮದ್ದೆಲ್ಲ ಕೊನೇ ಹನಿಗಳಲ್ಲಿ ಉಳಿಯುತ್ತೆ. ಪರೀಕ್ಷೆ ಮಾಡೋರು ಕುಲುಕಿಯೇ ಮಾಡ್ತಾರೆ, ಅದಕ್ಕೇ ಅವರಿಗೆ ಸರಿ ಕಾಣ್ತು. ಹಗಲಿಡೀ ಗಂಟೆಗೊಂದು ಹನಿ ನೀರು ಬಿದ್ದ ಮೇಲೆ ರಾತ್ರಿಯ ನಾಲ್ಕು ಹನಿ ಯಾವ ಮೂಲೆಗೆ ಸಾಲುತ್ತೆ?"

"ಹಾಗಾದ್ರೆ ನಾನಲ್ಲ!" ಎಂದು ಗಂಡ ಎದ್ದು ನಿಂತ.

"ಅಲ್ಲಪ್ಪ. ನೀನು ಕುಲುಕೋ ಸದ್ದಿಗೆ ನಿದ್ದೆಗೆಟ್ಟ ಸಾಕ್ಷಿ ಇಲ್ಲೇ ಇದಾಳೆ."

ಎಲ್ಲರ ಕಣ್ಣೂ ತಂಗಿಯತ್ತ ಹೊರಳಿತು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಕೈಯ ಅಭ್ಯಾಸ," ಎಂದರು ಅತ್ತೆ. "ಸೀಸೆ ಕುಲುಕಬಾರದು ಅಂತ ಪಳಗಿದ ಕೈ."

"ಅಯ್ಯೋ ದಡ್ಡಿ! ನಾನೇ ಕಲಿಸಿದ್ದಲ್ಲೇ!" ಅಕ್ಕ ಅಳುತ್ತ ನಗುತ್ತ ತಂಗಿಯನ್ನು ತಬ್ಬಿಕೊಂಡಳು. ತಂಗಿ ತಲೆ ಎತ್ತಲಿಲ್ಲ.

ಮನೆಗೆ ಬರುವಾಗ ಸೊಸೆ ಕೇಳಿದಳು. "ಆ ಖಾಲಿ ಸೀಸೆ ಯಾಕೆ ತೋರಿಸಲಿಲ್ಲ ಅತ್ತೆ?"

ಅತ್ತೆ ಅದನ್ನು ಅವಳ ಕೈಗಿಟ್ಟರು. ತಳದಲ್ಲಿ ಗಟ್ಟಿ ಬಿಳುಪು ಒಂದಿಷ್ಟೂ ಇರಲಿಲ್ಲ. ಅಂದರೆ ಮೊದಲ ವಾರ ಅದೇ ಕೈ ಚೆನ್ನಾಗಿಯೇ ಕುಲುಕಿತ್ತು. ಅಭ್ಯಾಸವಾಗಿದ್ದರೆ ಎರಡೂ ವಾರ ಇರಬೇಕಿತ್ತು.

"ಆಮೇಲೆ ಕಾಗದ ಬಂತು," ಎಂದಳು ಸೊಸೆ ಮೆಲ್ಲಗೆ.

"ಆ ಕೆಲಸಕ್ಕೆ ಅರ್ಜಿ ಹಾಕಿದ್ದು ಅಕ್ಕ ತಂಗಿ ಇಬ್ಬರೂ. ಎರಡನ್ನೂ ಬರೆದದ್ದು ತಂಗಿಯೇ, ಅಕ್ಷರ ದುಂಡಗಿದೆ ಅಂತ. ಕರೆದದ್ದು ಒಬ್ಬಳನ್ನ. ಮಧ್ಯಾಹ್ನ ಅವಳೊಬ್ಬಳಿಗೇ ಸೀಸೆ ತೋರಿಸಿದೆ. 'ಕಣ್ಣು ಹೋಗಲಿ ಅಂತಲ್ಲ, ಅಕ್ಕ ಊರು ಬಿಟ್ಟು ಹೋಗೋದು ತಪ್ಪಲಿ ಅಂತ' ಅಂದಳು. ನಾಳೆಯಿಂದ ಹಗಲಿನ ಹನಿ ನಾನೇ ಹಾಕ್ತೀನಿ."

ಇನ್ನು ಹಗಲೆಲ್ಲ ಅತ್ತೆ ಅಲ್ಲೇ. ಸೊಸೆಯ ಮನಸ್ಸು ಕಹಿಯಾಯಿತು. ಅದು ಆ ತಂಗಿಯದೇ ಕಹಿ ಎಂದು ಗುರುತು ಹತ್ತಿ ನಾಚಿಕೆಯೂ ಆಯಿತು.

ಮೂರು ವಾರಕ್ಕೆ ಕಣ್ಣು ತಿಳಿಯಾಯಿತು. ಹನಿಯನ್ನು ಒಮ್ಮೆಲೇ ನಿಲ್ಲಿಸದೆ ಮೆಲ್ಲಮೆಲ್ಲಗೆ ಕಡಿಮೆ ಮಾಡಲು ಡಾಕ್ಟರು ಹೇಳಿದರು. ಹೊರಡುವ ದಿನ ತಂಗಿ ಅಕ್ಕನ ಚಿಮಟ, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅಕ್ಕ ಸೊಸೆಯನ್ನು ಬಾಗಿಲಿನಾಚೆ ಕರೆದಳು.

"ಇವಳು ನನ್ನ ಮುಖ ನೋಡಿ ಮಾತಾಡ್ತಿಲ್ಲ ಕಣೇ. ಅವತ್ತು ಇನ್ನೇನಾದ್ರೂ ನಡೆದಿತ್ತಾ?"

ಒಳಗೆ ತಂಗಿಯ ಕೈ ನಿಂತಿತು. ಆ ಬೆನ್ನನ್ನು ನೋಡುತ್ತ ಸೊಸೆ ನಿರ್ಧರಿಸಿದಳು: ಇವತ್ತಲ್ಲ, ಎಂದೂ ಅಲ್ಲ, ಯಾರಿಗೂ ಅಲ್ಲ.

"ಏನಿಲ್ಲ ಅಕ್ಕ," ಎಂದಳು. "ನೀವು ಹೋಗ್ತಿದೀರಲ್ಲ, ಅದಕ್ಕೆ."