ರಾಣಿಯ ಹೊಟ್ಟೆಗೆ ಇಳಿದ ದ್ಯಾವಣ್ಣ

ಬಹಳ ಹಿಂದೆ, ಬೆಟ್ಟಗಳು ಬೇಸರವಾದರೆ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದ ಕಾಲದಲ್ಲಿ, ತುಂಬೆಗಿರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವಳು ರಾಣಿ ಕೇತಲದೇವಿ. ಅವಳ ಅರಮನೆಯಲ್ಲಿ ದ್ಯಾವಣ್ಣ ಎಂಬ ರುಚಿಗಾರನಿದ್ದ. ರಾಣಿಯ ತಟ್ಟೆಯಿಂದ ಮೊದಲ ತುತ್ತು ತಿನ್ನುವುದು ಅವನ ಕೆಲಸ. ಬಾಯಿಗೆ ರೇಷ್ಮೆ ಬಟ್ಟೆ ಅಡ್ಡ ಹಿಡಿದು ಮೂವತ್ತೆರಡು ಸಲ ಅಗಿಯಬೇಕು, ನುಂಗಬೇಕು, "ನನ್ನ ಹೊಟ್ಟೆ ಒಪ್ಪಿತು" ಅನ್ನಬೇಕು. ಆಮೇಲೆಯೇ ರಾಣಿ ತಟ್ಟೆಗೆ ಕೈ ಹಾಕುವುದು. ದ್ಯಾವಣ್ಣನಿಗೆ ಸಿಗುತ್ತಿದ್ದುದು ಆ ಒಂದೇ ತುತ್ತು. ಉಳಿದದ್ದು ಕೊಳದ ಮೀನಿಗೆ, ಅವನಿಗೆ ತಣ್ಣಗಿನ ಗಂಜಿ. ಅದೇ ಪದ್ಧತಿ. ಯಾರು ಮಾಡಿದ ಪದ್ಧತಿಯೋ, ಅವರ ಮನೆ ಹಾಳಾಗ!

ಒಂದು ದಿನ ಅಡುಗೆಮನೆಯಲ್ಲಿ ಉದ್ದಿನ ಕಡುಬು ಬೆಂದಿತ್ತು. ಹಬೆಯ ಘಮ ಮೂಗಿಗೆ ಬಡಿಯಿತು. ಅಡುಗೆಯವರು ಆಚೆ ಹೋದದ್ದೇ ತಡ, ದ್ಯಾವಣ್ಣ ಒಂದು ಕಡುಬು ತಿಂದ. ಚೆನ್ನಾಗಿತ್ತು. ಇನ್ನೊಂದು ತಿಂದ. ಹೀಗೆ ಎಂಟು ಕಡುಬು ಒಳಗೆ ಹೋದವು. ನಗಬೇಡಿ, ಹಸಿದಿದ್ದರೆ ನಿಮ್ಮ ಕೈಯೂ ಹಾಗೆಯೇ ಓಡುತ್ತಿತ್ತು.

ಮಧ್ಯಾಹ್ನ ಊಟದ ಸಭೆಯಲ್ಲಿ ರಾಣಿಯ ಮುಂದೆ ನಿಂತಾಗ ಹೊಟ್ಟೆಯಲ್ಲಿ ಸಾಸಿವೆಯಷ್ಟೂ ಜಾಗವಿಲ್ಲ. ಚಟ್ನಿಗೆ ಅದ್ದಿದ ತುತ್ತನ್ನು ಎತ್ತಿದ. ರೇಷ್ಮೆ ಬಟ್ಟೆಯ ಮರೆಯಲ್ಲಿ ಮೆಲ್ಲಗೆ ತಟ್ಟೆಗೇ ವಾಪಸಿಟ್ಟ. ಬರೀ ಬಾಯನ್ನು ಮೂವತ್ತೆರಡು ಸಲ ಅಗಿದ. "ನನ್ನ ಹೊಟ್ಟೆ ಒಪ್ಪಿತು" ಅಂದ.

ರಾಣಿ ಆ ತುತ್ತನ್ನೇ ಬಾಯಿಗಿಟ್ಟಳು. ಒಗ್ಗರಣೆಯ ಒಂದು ಸಾಸಿವೆ ಕಾಳು ಹಲ್ಲಿಗೆ ಸಿಗದೆ ಜಾರಿ ಒಳಗೆ ಹೋಯಿತು. ಅದು ಸಾಸಿವೆಯಲ್ಲ. ರಾಣಿ ಗಡೀಪಾರು ಮಾಡಿದ್ದ ಮಾಂತ್ರಿಕ ಕಾಳಜಡ!

ರಾಣಿಯ ಕೈ ತಟ್ಟೆಯ ಮೇಲೇ ನಿಂತುಬಿಟ್ಟಿತು. ಕಣ್ಣು ತೆರೆದಿದೆ, ನೋಟವಿಲ್ಲ. ನಾಲಿಗೆ ಇದೆ, ಮಾತಿಲ್ಲ.

ಮುದಿ ವೈದ್ಯೆ ನಿಂಗವ್ವ ಬಂದು ರಾಣಿಯ ಹೊಟ್ಟೆಗೆ ಕಿವಿಯಿಟ್ಟಳು. "ತಲೆಯಿಂದ ಹೊಟ್ಟೆಗೆ ಒಂದು ಉದ್ದದ ನರ ಇಳಿದಿದೆ. ತಲೆಯ ಸುದ್ದಿ ಹೊಟ್ಟೆಗೆ, ಹೊಟ್ಟೆಯ ಸುದ್ದಿ ತಲೆಗೆ ಅದರಲ್ಲೇ ಓಡಾಡೋದು. ಕಾಳಜಡ ಅದನ್ನೇ ಹಿಡಕೊಂಡು ಕೂತಿದ್ದಾನೆ. ಹೊತ್ತು ಮುಳುಗೋದರೊಳಗೆ ಬಿಡಿಸದಿದ್ದರೆ ಗುಂಡಿಗೆಯೂ ನಿಲ್ಲುತ್ತೆ. ಒಳಗೆ ಯಾರು ಹೋಗ್ತೀರಿ?"

ಸಭೆಯಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ದ್ಯಾವಣ್ಣ ಮುಂದೆ ಬಂದ. "ನಾನು ಹೋಗ್ತೀನಿ ಅವ್ವಾ."

"ಭಲೇ ದ್ಯಾವಣ್ಣ! ರುಚಿಗಾರ ಅಂದರೆ ನೀನಪ್ಪ!" ಎಂದು ಸಭೆ ಕೂಗಿತು. ಯಾರೋ ಅವನ ಕೊರಳಿಗೆ ಹಾರ ಹಾಕಿದರು. ಅವನ ಕಿವಿ ಕೆಂಪಾಯಿತು, ಹೊಟ್ಟೆಯೊಳಗಿನ ಎಂಟು ಕಡುಬೂ ಒಟ್ಟಿಗೆ ಹೊರಳಿದವು. ಆ ಹಾರ ಕಿತ್ತೆಸೆಯಬೇಕು ಅನ್ನಿಸಿತು. ಕಿತ್ತೆಸೆಯಲಿಲ್ಲ.

ನಿಂಗವ್ವ ಅವನ ನೆತ್ತಿಗೆ ಪುಡಿ ಉದುರಿಸಿದಳು. ಅವನು ಹೆಸರುಕಾಳಿನಷ್ಟಾದ. ಅವನನ್ನು ಬೆರಳ ತುದಿಗೆ ಎತ್ತಿಕೊಂಡು ಅವಳು ಪಿಸುಗುಟ್ಟಿದಳು: "ಆ ನರ ಸುಳ್ಳಿಗೆ ಅಲುಗಲ್ಲ. ಹೇಳೋಕೆ ಹೊಟ್ಟೆ ಕಿವುಚುತ್ತಲ್ಲ, ಅಂಥ ಮಾತಿಗೇ ಅಲುಗೋದು. ಆದರೆ ಅಲ್ಲಿ ಆಡಿದ್ದು ರಾಣಿಯ ಬಾಯಲ್ಲಿ ಬರುತ್ತೆ, ಇಡೀ ಸಭೆಯ ಮುಂದೆ. ಗೊತ್ತಾಯ್ತಾ?"

ಗೊತ್ತಾಯಿತು. ಗೊತ್ತಾಗದೆ ಹೋಗಿದ್ದರೇ ಚೆನ್ನಾಗಿತ್ತು.

ನಿಂಗವ್ವ ಅವನನ್ನು ರಾಣಿಯ ತುಟಿಯ ಮೇಲಿಟ್ಟಳು. ಬಾಯಿಯ ಬಾಗಿಲಲ್ಲಿ ಮೂವತ್ತೆರಡು ಬಿಳಿ ಅಣ್ಣತಮ್ಮಂದಿರು ಕಾವಲಿದ್ದರು. ಅವರೇ ಹಲ್ಲುಗಳು. ಎಲ್ಲರೂ ಅರೆನಿದ್ದೆಯಲ್ಲಿದ್ದರು. "ಯಾಕೆ ಬಂದೆ?" ಎಂದು ದೊಡ್ಡಣ್ಣ ದವಡೆಹಲ್ಲು ಕೇಳಿದ.

"ರಾಣಿಯನ್ನು ಉಳಿಸೋಕೆ. ನಾನು ಧೈರ್ಯಶಾಲಿ."

"ಸುಳ್ಳು!" ಎಂದು ಅಣ್ಣತಮ್ಮಂದಿರು ಕಟಕಟ ಕಡಿದರು. ದ್ಯಾವಣ್ಣ ಎಂಜಲ ಹಳ್ಳಕ್ಕೆ ಹಾರಿ ತಪ್ಪಿಸಿಕೊಂಡ. ಕೊರಳ ಹಾರ ಅವರ ನಡುವೆ ಸಿಕ್ಕಿ ಚಿಂದಿಯಾಯಿತು.

ಹಳ್ಳ ಅವನನ್ನು ಗಂಟಲಿಗೆ ತಂದಿತು. ಅಲ್ಲಿ ದಾರಿ ಎರಡು. ಒಂದು ಉಸಿರಿನದು, ಒಂದು ಅನ್ನದ್ದು. ಅನ್ನ ಬಂದಾಗ ಉಸಿರಿನ ದಾರಿ ಮುಚ್ಚುವ ಮುಚ್ಚಳದಮ್ಮ ತೂಕಡಿಸುತ್ತಿದ್ದಳು. "ಯಾಕೆ ಬಂದೆ?"

"ನನ್ನದೊಂದು ಕಣ್ತಪ್ಪು ಆಯಿತಮ್ಮಾ. ಸಣ್ಣದು."

"ಅರ್ಧ ಹೇಳಿದ್ದೀಯ. ನಾನೂ ಅರ್ಧವೇ ಮುಚ್ಚುತ್ತೀನಿ." ಉಸಿರಿನ ಗಾಳಿ ರಪ್ಪನೆ ಬಡಿದು ಅವನ ಪೇಟ ಹಾರಿಸಿಕೊಂಡು ಹೋಯಿತು. ಅವನು ಅನ್ನನಾಳದೊಳಗೆ ಉರುಳಿ ಬಿದ್ದ.

ಕೆಳಗೆ ಹೊಟ್ಟೆಯ ಹುಳಿಕೆರೆ. ಮೂಳೆ ಹಾಕಿದರೂ ಮೆತ್ತಗಾಗುವಂಥ ಹುಳಿ. ಕೆರೆಯ ಗೋಡೆಗೆ ಲೋಳೆಯ ಗಾರೆ ಮೆತ್ತಿತ್ತು, ಇಲ್ಲದಿದ್ದರೆ ಆ ಹುಳಿ ಹೊಟ್ಟೆಯನ್ನೇ ತಿಂದುಬಿಡುತ್ತಿತ್ತು. ಕೆರೆಯೊಳಗಿಂದ ಹುಳಿರಾಯನೆಂಬ ಮೊಸಳೆ ತಲೆಯೆತ್ತಿತು. "ಯಾಕೆ ಬಂದೆ?"

ದ್ಯಾವಣ್ಣನಿಗೆ ಮಾತು ಹೊರಡಲಿಲ್ಲ. ತಲೆ ತಗ್ಗಿಸಿದ.

"ಸುಮ್ಮನಿದ್ದರೆ ತಿನ್ನಲ್ಲ. ಆದರೆ ದಡಕ್ಕೆ ಕರಕೊಂಡೂ ಹೋಗಲ್ಲ. ಈಜು," ಎಂದಿತು ಹುಳಿರಾಯ.

ಅವನು ಗೋಡೆಯ ಲೋಳೆಯನ್ನು ಮೈಗೆ ಮೆತ್ತಿಕೊಂಡು ಈಜಿದ. ಲೋಳೆ ಹತ್ತದ ಚರ್ಮವೆಲ್ಲ ಉರಿಯಿತು. ಮೆಟ್ಟು ಕರಗಿಹೋದವು. ಬರಿಗಾಲಲ್ಲಿ, ಬರಿತಲೆಯಲ್ಲಿ ಹೊಟ್ಟೆಯ ಕೆಳಬಾಗಿಲು ಮುಟ್ಟಿದ.

ಅಲ್ಲಿ ಕಾಳಜಡ ಬಿಳಿಯ ನರವನ್ನು ಮುಷ್ಟಿಯಲ್ಲಿ ಹಿಸುಕಿ ಕೂತಿದ್ದ. ಸಾಸಿವೆಯಷ್ಟೇ ಮೈ, ಆದರೆ ಮೀಸೆ ಮೊಳದುದ್ದ. "ಬಾರಯ್ಯ, ನನ್ನ ಗೆಳೆಯ!"

"ನಾನು ನಿನ್ನ ಗೆಳೆಯನಲ್ಲ."

"ಮತ್ತೆ ಯಾರು? ಅಡುಗೆಮನೆ ಕಿಟಕಿಯಲ್ಲಿ ಮೂರು ವರ್ಷ ಕಾದೆ. ನನ್ನ ಮಂತ್ರ ನಡೆಯೋದು ಮೊದಲ ತುತ್ತಿನಲ್ಲಿ ಮಾತ್ರ. ಅದನ್ನು ನೀನು ದಿನಾ ಅಗಿದು ನುಂಗುತ್ತಿದ್ದೆ, ನನಗೆ ದಾರಿಯಿರಲಿಲ್ಲ. ಇವತ್ತು ಎಂಟು ಕಡುಬು ಎಣಿಸಿದೆ. ಇನ್ನು ಇವನು ತಿನ್ನಲ್ಲ ಅಂದುಕೊಂಡು ಚಟ್ನಿಗೆ ಹಾರಿದೆ. ಬಾಗಿಲು ತೆಗೆದವನು ನೀನೇ." ಕಾಳಜಡ ಹಲ್ಲು ಕಿರಿದ. "ಸುಮ್ಮನೆ ವಾಪಸು ಹೋಗು. ರಾಣಿ ಸಾಯುತ್ತಾಳೆ. ಆದರೆ ಊರು ನಿನ್ನನ್ನು ವೀರ ಅನ್ನುತ್ತೆ. ನಾನು ಯಾರಿಗೂ ಹೇಳಲ್ಲ."

ನಿಜ ಹೇಳುತ್ತೇನೆ, ದ್ಯಾವಣ್ಣ ಒಂದು ಗಳಿಗೆ ಹಿಂದಕ್ಕೆ ತಿರುಗಿದ. ಬೇಕಾದರೆ ಬೈಯಿರಿ. ಆದರೆ ತಿರುಗಿದಾಗ ಅವನ ಹೊಟ್ಟೆ ಮತ್ತೆ ಕಿವುಚಿತು. ಹಾರ ಹಾಕಿಸಿಕೊಂಡಾಗ ಕಿವುಚಿತ್ತಲ್ಲ, ಹಾಗೆಯೇ. ಅವನು ಓಡಿಬಂದು ನರಕ್ಕೆ ಬಾಯಿಟ್ಟ.

"ನಾನು ಎಂಟು ಕಡುಬು ಕದ್ದು ತಿಂದೆ," ಅಂದ.

ಅತ್ತ ಸಭೆಯಲ್ಲಿ, ಕಲ್ಲಾಗಿದ್ದ ರಾಣಿಯ ತುಟಿ ಅಲುಗಿತು. "ನಾನು ಎಂಟು ಕಡುಬು ಕದ್ದು ತಿಂದೆ."

ಸಭೆ ಬೆಚ್ಚಿತು.

"ತುತ್ತನ್ನು ತಟ್ಟೆಗೇ ವಾಪಸಿಟ್ಟೆ," ಅಂದ ದ್ಯಾವಣ್ಣ, ಅಳುತ್ತ. ರಾಣಿಯ ಬಾಯೂ ಅಂದಿತು, ಅಳುತ್ತ. "ಬರೀ ಬಾಯಿ ಅಗಿದೆ. ಆಮೇಲೆ ಹಾರ ಹಾಕಿಸಿಕೊಂಡೆ. ನಾನು ವೀರನಲ್ಲ. ರಾಣಿಯನ್ನು ಈ ಗತಿಗೆ ತಂದವನು ನಾನೇ. ನಾಚಿಕೆಯಾಗುತ್ತೆ, ನನಗೆ ನಾಚಿಕೆಯಾಗುತ್ತೆ!"

ನರ ಝಲ್ಲೆಂದು ಅದುರಿತು. ಸುದ್ದಿ ತಲೆಗೆ ಹತ್ತಿತು, ತಲೆಯಿಂದ ಅಪ್ಪಣೆ ಇಳಿಯಿತು. ಕಾಳಜಡನ ಮುಷ್ಟಿ ಬಿಚ್ಚಿಹೋಯಿತು. ಕೆಳಬಾಗಿಲು ತೆರೆದು ಅವನನ್ನು ಸಣ್ಣ ಕರುಳಿಗೆ ದಬ್ಬಿತು. ಅಲ್ಲಿ ಸಾವಿರಾರು ಸಣ್ಣ ಬೆರಳುಗಳು ಅವನ ಮಂತ್ರವನ್ನೆಲ್ಲ ಹೀರಿ ಒಣಸಿಪ್ಪೆ ಮಾಡಿದವು, ದೊಡ್ಡ ಕರುಳು ಆ ಸಿಪ್ಪೆಯನ್ನು ಮುಂದೆ ತಳ್ಳಿತು. ಕೊನೆಗೆ ಎಲ್ಲಿಂದ ಹೊರಗೆ ಬಿದ್ದ ಅಂತ ನನ್ನನ್ನು ಕೇಳಬೇಡಿ, ಊಟದ ಹೊತ್ತು.

ರಾಣಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಅದರ ಜೊತೆ ದ್ಯಾವಣ್ಣನೂ ನೆಲಕ್ಕೆ ಬಿದ್ದು, ಪುಡಿ ತೊಳೆದುಹೋಗಿ ಮತ್ತೆ ಮನುಷ್ಯನಷ್ಟಾದ. ಮೈಯೆಲ್ಲ ಹುಳಿ ವಾಸನೆ. ಹಾರವಿಲ್ಲ, ಪೇಟವಿಲ್ಲ, ಮೆಟ್ಟಿಲ್ಲ. "ಭಲೇ" ಅಂದಿದ್ದ ಸಭೆ ಅವನನ್ನೇ ನೋಡುತ್ತಿತ್ತು. ಅವನು ತಲೆ ನೆಲಕ್ಕೆ ಹಚ್ಚಿದ. "ಶಿಕ್ಷೆ ಕೊಡಿ ತಾಯೀ."

ರಾಣಿ ಬಾಯಿ ಒರೆಸಿಕೊಂಡಳು. "ನಿನ್ನ ನಾಚಿಕೆ ನನ್ನ ಹೊಟ್ಟೆಯಲ್ಲೇ ಹೊರಳಿತಲ್ಲ ದ್ಯಾವಣ್ಣ. ಅದು ಎಷ್ಟು ಉರಿಯುತ್ತೆ ಅಂತ ನನಗೆ ಗೊತ್ತಾಯಿತು. ಅದಕ್ಕಿಂತ ದೊಡ್ಡ ಶಿಕ್ಷೆ ನನ್ನ ಹತ್ತಿರ ಇಲ್ಲ." ಅವನ ಬರಿಗಾಲು ನೋಡಿ ಕೇಳಿದಳು: "ದಿನಾ ನನಗಿಂತ ಮೊದಲು ತಿಂತಿದ್ದೆ. ಒಂದು ದಿನವಾದರೂ ನಿನ್ನ ಹೊಟ್ಟೆ ತುಂಬಿತಾ ಅಂತ ನಾನು ಕೇಳಿದ್ದೀನಾ?"

ಈಗ ರಾಣಿಯ ಕಿವಿಯೂ ಕೆಂಪಾಗಿತ್ತು.

"ಇಲ್ಲಿ ಎಲೆ ಹಾಕಿ, ನನ್ನ ಪಕ್ಕದಲ್ಲೇ," ಅಂದಳು ರಾಣಿ. "ಎಂಟು ಕಡುಬು ಬಡಿಸಿ."

ಬಡಿಸಿದರು. ಅವನು ಎಲೆ ಮುಟ್ಟಲಿಲ್ಲ. ಇಡೀ ಸಭೆಯ ಕಣ್ಣು ಆ ಎಲೆಯ ಮೇಲಿತ್ತು. ಆಗ ರಾಣಿ ಕೈ ಚಾಚಿ ಅವನ ಎಲೆಯಿಂದ ಒಂದು ತುತ್ತು ಮುರಿದುಕೊಂಡಳು. ರೇಷ್ಮೆ ಬಟ್ಟೆ ಅಡ್ಡ ಹಿಡಿಯಲಿಲ್ಲ. ಎಲ್ಲರೂ ನೋಡುವಂತೆ ಮೂವತ್ತೆರಡು ಸಲ ಅಗಿದು ನುಂಗಿದಳು.

"ನನ್ನ ಹೊಟ್ಟೆ ಒಪ್ಪಿತು," ಅಂದಳು. "ಈಗ ನೀನು ತಿನ್ನು."

ದ್ಯಾವಣ್ಣ ತಿಂದ. ಅಂದಿನಿಂದ ಅರಮನೆಯಲ್ಲಿ ಉಳಿದ ಅಡುಗೆ ಜನರ ಎಲೆಗೆ ಹೋಯಿತು, ಕೊಳದ ಮೀನುಗಳು ಬಡವಾದವು, ತುಂಬೆಗಿರಿಯ ಜನರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು.