ಕೆಡದ ಬಲ್ಬ್

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸು ಪೀರನವಾಡಿ ಮುಟ್ಟುವ ಮೊದಲೇ ದಾನೇಶ್ವರಿ ಎದ್ದು ಬಾಗಿಲ ಬಳಿ ನಿಂತಿದ್ದಳು. ಬ್ಯಾಗಿನಲ್ಲಿ ಬಲ್ಬಿನ ಡಬ್ಬಿ. ಎರಡು ವಾರದಲ್ಲಿ ಅವಳು ಇಲ್ಲಿ ಇಳಿಯುತ್ತಿರುವುದು ಇದು ನಾಲ್ಕನೇ ಸಲ. ಖಾನಾಪುರದ ಪಾಸ್ ಇಟ್ಟುಕೊಂಡು ಈ ಹುಡುಗಿ ಇಲ್ಲೇಕೆ ಇಳಿಯುತ್ತಾಳೆ ಎಂದು ಕಂಡಕ್ಟರು ವಾರೆಗಣ್ಣಿಂದ ನೋಡಿದ. ಅದೇ ಪ್ರಶ್ನೆ ಅವಳನ್ನೂ ಕುಳಿತಲ್ಲಿ ಕೂರಲು ಬಿಟ್ಟಿರಲಿಲ್ಲ.

ಖಾನಾಪುರದ ಬಾಡಿಗೆ ಮನೆಯಲ್ಲಿ ಅವಳೂ ಆಯಿಯೂ ಇಬ್ಬರೇ. ಆಯಿ ಎಂದರೆ ಅಜ್ಜಿ ಬಸವಣ್ಣೆವ್ವ. ದಾನೇಶ್ವರಿ ಶಿವಬಸವ ನಗರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಮನೆ ಸೇರುವಾಗ ಏಳೂವರೆ. ಹೋದ ತಿಂಗಳು ಮುಸ್ಸಂಜೆಯಲ್ಲಿ ಲೈಟ್ ಹಚ್ಚಲು ಹೊರಟ ಆಯಿ ನಡುಮನೆಯ ಹೊಸ್ತಿಲು ಎಡವಿ ಬಿದ್ದು ಮೊಣಕಾಲು ಊದಿಸಿಕೊಂಡಿದ್ದಳು. ಹೊತ್ತು ಮುಳುಗಿದರೆ ತಾನೇ ಹತ್ತುವ ಬಲ್ಬ್ ಹುಡುಕಿಕೊಂಡು ಪೀರನವಾಡಿ ಸ್ಟಾಪಿನೆದುರಿನ ಗೌರೀಶನ ಎಲೆಕ್ಟ್ರಿಕಲ್ ಅಂಗಡಿ ಹತ್ತಿದ್ದು ಆಗ.

ಮೊದಲ ದಿನವೇ ಅವನು ಜಗಳ ತೆಗೆದಿದ್ದ. ಅವಳು ಬಣ್ಣ ಬದಲಿಸುವ ದುಬಾರಿ ಬಲ್ಬಿಗೆ ಕೈ ಹಾಕಿದರೆ, ಅದನ್ನು ಕಸಿದು ಮತ್ತೆ ಕಪಾಟಿನಲ್ಲಿಟ್ಟ. “ಆಯಿಗೆ ಬೆಳಕ ಬೇಕೋ, ಡಿಸ್ಕೋ ಬೇಕೋ?” ಎಂದ. ಆಮೇಲೆ ಒಂಬತ್ತು ವ್ಯಾಟಿನ ಬಿಳಿ ಬಲ್ಬ್ ಒಂದನ್ನು ಮುಂದಿಟ್ಟು ಕಾರಣ ಹೇಳಿದ. ಮನೆಯ ವೈಫೈಗೆ ನೇರ ಕೂಡುತ್ತದೆ, ನಡುವೆ ಬೇರೆ ಸಾಧನ ಕೊಳ್ಳಬೇಕಿಲ್ಲ, ಎಲ್ಲಿದ್ದರೂ ಫೋನಿನಲ್ಲಿ ನೋಡಬಹುದು. ಕರೆಂಟ್ ಹೋಗಿ ಬಂದರೂ ತನ್ನ ಟೈಮ್ ಮರೆಯುವುದಿಲ್ಲ. ಅಗ್ಗದ ಎಷ್ಟೋ ಬಲ್ಬುಗಳು ಕರೆಂಟ್ ಬಂದೊಡನೆ ನಡುರಾತ್ರಿಯಲ್ಲೂ ಝಗ್ಗನೆ ಬೆಳಗುತ್ತವಂತೆ. ಎರಡು ವರ್ಷದ ಗ್ಯಾರಂಟಿ, ಕೆಟ್ಟರೆ ಕೊರಿಯರ್ ಮಾಡುತ್ತ ಕೂರುವುದು ಬೇಡ, ಅಂಗಡಿಗೆ ತಂದರಾಯಿತು. ಕೊನೆಗೆ ಬಲ್ಬನ್ನು ಟೆಸ್ಟಿಂಗ್ ಬೋರ್ಡಿಗೆ ಹಾಕಿ ಸ್ವಿಚ್ ಒತ್ತಿದ. ಹತ್ತಿತೋ ಇಲ್ಲವೋ ಎಂದು ಯಾರಾದರೂ ಬಲ್ಬಿನ ಕಡೆ ನೋಡುತ್ತಾರೆ. ಈ ಮನುಷ್ಯ ಅವಳ ಮುಖದ ಮೇಲೆ ಬಿದ್ದ ಬೆಳಕನ್ನು ನೋಡಿದ. ಬಲ್ಬಿನ ಬುಡದ ಮೇಲೆ ಮಾರ್ಕರ್‌ನಿಂದ ತಾರೀಖು ಬರೆದು ಸಹಿ ಹಾಕಿದ. ಅದೇ ಅವನ ಅಂಗಡಿಯ ಗ್ಯಾರಂಟಿ ಕಾರ್ಡು.

ಮಾರನೇ ದಿನದಿಂದ ಶುರುವಾಯಿತು ಪೇಚಾಟ. ಲ್ಯಾಬಿನಲ್ಲಿ ಫೋನ್ ತೆಗೆದು ನೋಡಿದರೆ ಬಲ್ಬ್ ಆಫ್‌ಲೈನ್. ಅವಳು ಮನೆಯಲ್ಲಿದ್ದರೆ ಮಾತ್ರ ಬಲ್ಬ್ ಬಂಗಾರ. ಅಂಗಡಿಗೆ ತಂದರೆ ಅಲ್ಲೂ ಝಗಝಗ. ಗೌರೀಶ ಮರುಮಾತಾಡದೆ ಒಳಗೆ ಹೋಗಿ ಬೇರೆ ಬಲ್ಬ್ ತಂದುಕೊಡುತ್ತಿದ್ದ. ಮುಂದಿನ ಬಸ್ಸಿಗೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಚಹಾ ಬರುತ್ತಿತ್ತು, ಮಾತು ಬರುತ್ತಿತ್ತು. ಬಸ್ಸು ತಡವಾದರೆ ಅವಳಿಗೆ ಹಾಯೆನಿಸುತ್ತಿತ್ತು.

ಗುಟ್ಟು ಒಡೆದದ್ದು ಈ ಮಂಗಳವಾರ. ಬುತ್ತಿ ಮರೆತು ದಾರಿಯಿಂದ ವಾಪಸು ಬಂದವಳಿಗೆ ಆಯಿ ಗೋಡೆಯ ಸ್ವಿಚ್ ಆರಿಸುವುದು ಕಂಡಿತು. ಅವಳು ಹೊಸ್ತಿಲು ದಾಟಿದ್ದೇ ತಡ, ಮುದುಕಿ ದಿನಾ ಅದನ್ನೇ ಮಾಡುತ್ತಿದ್ದಳು. ಕರೆಂಟೇ ಇಲ್ಲದ ಬಲ್ಬ್ ಫೋನಿಗೆ ಸಿಗುವುದಾದರೂ ಹೇಗೆ? ಸಂಜೆ ಮತ್ತೆ ಕತ್ತಲಲ್ಲಿ ತಡವರಿಸುತ್ತ ಹೋಗಿ ಸ್ವಿಚ್ ಒತ್ತಿ, ಬೆಳಕಿಗೆ ಕೈ ಮುಗಿಯುತ್ತಿದ್ದಳು.

“ದೀಪ ತಾನ ಹತ್ತಿದ್ರ ನಾ ಕೈ ಮುಗಿಯೂದು ಯಾವಾಗವಾ?” ಎಂದಳು ಆಯಿ. “ಮನಿ ಹೆಣ್ಮಗಳು ಕೈಯಾರೆ ಹಚ್ಚಬೇಕು.”

ಬಲ್ಬಿನಲ್ಲಿ ತಪ್ಪಿಲ್ಲ ಎಂದ ಮೇಲೆ ದಾನೇಶ್ವರಿ ಸುಮ್ಮನಿರಬೇಕಿತ್ತು. ಇರಲಾಗಲಿಲ್ಲ. ಬಲ್ಬ್ ನೆಟ್ಟಗಾದರೆ ಪೀರನವಾಡಿಯಲ್ಲಿ ಇಳಿಯಲು ಏನು ನೆಪ? ಜೊತೆಗೆ ರವಿವಾರ ನಂದಗಡದಿಂದ ತಮ್ಮಣ್ಣ ಮಾಮಾ ಒಬ್ಬ ವರನನ್ನು ಕರೆತರುವವನಿದ್ದ. ಬೇಡ ಎಂದರೆ ಮಾಮಾ ಕಾರಣ ಕೇಳುತ್ತಾನೆ. ಬಾಯಿ ಬಿಟ್ಟು ಏನೂ ಹೇಳದ ಅಂಗಡಿಯವನೊಬ್ಬನ ಹೆಸರು ಹೇಳಲಾದೀತೇ?

ಹೀಗೆ ಶುಕ್ರವಾರದ ಸಂಜೆ, ಚೆನ್ನಾಗಿರುವ ಬಲ್ಬನ್ನು ಕೌಂಟರಿನ ಮೇಲಿಟ್ಟು ಮತ್ತೆ ಕೆಟ್ಟಿದೆ ಎಂದಳು. ಕಣ್ಣು ಮಾತ್ರ ಎತ್ತಲಿಲ್ಲ. ಗೌರೀಶ ಒಳಗೆ ಹೋಗಿ ಬಂದು ಬಲ್ಬ್ ಕೊಟ್ಟ. ಹಿಡಿದಾಗ ಘಮ್ಮೆಂದು ಸ್ಪಿರಿಟ್ಟಿನ ವಾಸನೆ. ದಿನವಿಡೀ ಮಾರ್ಕರ್ ಬರಹವನ್ನು ಸ್ಪಿರಿಟ್ಟಿನಿಂದ ಒರೆಸುವ ಲ್ಯಾಬಿನವಳಿಗೆ ಅದನ್ನು ಹೇಳಿಕೊಡಬೇಕೇ? ಬುಡ ತಿರುಗಿಸಿದಳು. ಇಂದಿನ ತಾರೀಖಿನ ಕೆಳಗೆ ಹಳೆಯ ಮೂರು ತಾರೀಖುಗಳ ನೆರಳು. ಇಷ್ಟು ದಿನವೂ ಅದೇ ಬಲ್ಬ್.

ಗೌರೀಶನ ಕಿವಿ ಕೆಂಪಾಯಿತು. ಎರಡನೇ ಸಲವೇ ತನಗೆ ಗೊತ್ತಾಯಿತು ಎಂದು ಒಪ್ಪಿಕೊಂಡ. ಅವಳ ಫೋನಿನಲ್ಲಿ ಬಲ್ಬ್ ದಿನಾ ಮುಂಜಾನೆ ಒಂಬತ್ತಕ್ಕೆ ಸಾಯುತ್ತಿತ್ತು, ಸಂಜೆ ಆರೂವರೆಗೆ ಹುಟ್ಟುತ್ತಿತ್ತು. ಅಷ್ಟು ಶಿಸ್ತಿನಿಂದ ಯಾವ ಬಲ್ಬೂ ಕೆಡುವುದಿಲ್ಲ, ಆಯಿಯೇ ಸ್ವಿಚ್ ಆರಿಸಿ ಹಚ್ಚುತ್ತಿರಬೇಕು ಎಂದುಕೊಂಡಿದ್ದ.

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಇಲ್ಲಿ ಇಳೀತಿದ್ದಿಲ್ರೀ.”

ಎರಡು ವಾರದಿಂದ ಕಾದ ಮಾತು ಅದು. ಆದರೆ ಅವಳಿಗೆ ಕಂಡದ್ದು ಕತ್ತಲಲ್ಲಿ ಗೋಡೆ ಹಿಡಿದು ನಡೆಯುವ ಆಯಿ. “ಅಷ್ಟರಾಗ ಆಯಿ ಮತ್ತ ಬಿದ್ದಿದ್ರ?” ಎಂದಳು. ಅವನು ತಲೆ ತಗ್ಗಿಸಿದ. ಡ್ರಾಯರಿನಿಂದ ಅಂಗೈಯಗಲದ ಒಂದು ಬಟನ್ ತೆಗೆದು ಕೊಟ್ಟ. ಅದೇ ಕಂಪನಿಯದು, ವೈರ್ ಬೇಡ, ಆಯಿಯ ಹಾಸಿಗೆ ಬಾಜು ಅಂಟಿಸಿದರೆ ಕುಂತಲ್ಲೇ ಕೈಯಾರೆ ಹಚ್ಚಬಹುದು. ಗೋಡೆಯ ಸ್ವಿಚ್ ಆರಿಸಲಾಗದಂತೆ ಅದರ ಮೇಲೆ ಟೇಪ್ ಅಂಟಿಸಿರಿ ಎಂದ. ಹತ್ತು ದಿನದ ಹಿಂದೆಯೇ ತರಿಸಿದ್ದನಂತೆ, ಕೊಡಲು ಮನಸ್ಸು ಬಂದಿರಲಿಲ್ಲವಂತೆ. ಅವಳು ಚಹಾ ಮುಟ್ಟದೆ ಹೊರಬಿದ್ದಳು.

ಬೈದದ್ದೇನೋ ಬೈದಳು. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಮಂಗಳವಾರದಿಂದ ತಾನೂ ಸುಮ್ಮನಿದ್ದವಳೇ ಅಲ್ಲವೇ? ಅವನ ತಪ್ಪಿಗೆ ಅವನು ತಲೆ ತಗ್ಗಿಸಿದ. ತನ್ನದನ್ನು ತಾನು ಬ್ಯಾಗಿನಲ್ಲಿ ಮುಚ್ಚಿಟ್ಟುಕೊಂಡು ಬಂದೆ ಎಂದು ನಾಚಿಕೆಯಾಯಿತು.

ಶನಿವಾರ ಮುಂಜಾನೆ ಬಟನ್ ಅಂಟಿಸಿ, ಸ್ವಿಚ್ಚಿಗೆ ಟೇಪ್ ಹಚ್ಚಿ, ತಾನೇ ಹತ್ತುವ ಟೈಮನ್ನು ತೆಗೆದುಹಾಕಿದಳು; ಇಡೀ ದಿನ ಬಲ್ಬ್ ಆನ್‌ಲೈನ್ ಇತ್ತು. ಸಂಜೆ ಬಸ್ಸು ಪೀರನವಾಡಿಯಲ್ಲಿ ನಿಂತಿತು, ಅವಳು ಕದಲಲಿಲ್ಲ. ಕಿಟಕಿಯಿಂದ ಕಂಡಿತು: ಗೌರೀಶ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದು, ಇಳಿದವರ ಮುಖಗಳನ್ನೆಲ್ಲ ಹುಡುಕಿ, ಒಳಗೆ ಹೋದ. ಬಸ್ಸು ಹೊರಟಿತು. ಫೋನ್ ತೆಗೆದು ಮಾಮಾನಿಗೆ ಹಚ್ಚಿದಳು. ಎರಡೇ ಮಾತು ಆಡಿದಳು. ಮುಂದಿನ ಸ್ಟಾಪಿನಲ್ಲಿ ಇಳಿದು ದಾಪುಗಾಲು ಹಾಕುತ್ತ ಹಿಂದಕ್ಕೆ ನಡೆದಳು.

ಅವಳ ಬರಿಗೈ ನೋಡಿ ಗೌರೀಶ, ಬಲ್ಬ್ ಎಲ್ಲಿ ಎಂದು ಕೇಳಿದ.

“ಬಲ್ಬ್ ಚಲೋ ಐತಿ. ಮಂಗಳವಾರದಿಂದ ನನಗೂ ಗೊತ್ತಿತ್ರೀ. ಗೊತ್ತಿದ್ದೂ ನಿನ್ನೆ ತಂದಿದ್ನಿ,” ಎಂದಳು ಏದುಸಿರಿನಲ್ಲಿ. “ನಾಳೆ ನನ್ನ ನೋಡಾಕ ಬರಾವ್ರಿದ್ರು. ಬ್ಯಾಡ ಅಂತ ಮಾಮಾಗ ಈಗ ಹೇಳಿ ಬಂದೇನಿ.”

ಗೌರೀಶ ಕೈಯಲ್ಲಿದ್ದ ಟೆಸ್ಟರನ್ನು ಮೆಲ್ಲನೆ ಕೌಂಟರಿನ ಮೇಲಿಟ್ಟ. “ಹಂಗಾದ್ರ ನಾಳೆ ನಾ ಬರ್ಲೇನ್ರೀ? ಆಯಿ ಮುಂದ ತಪ್ಪ ಒಪ್ಕೊತೀನಿ. ಆಮೇಲೆ ನಿಮ್ಮನ್ನ ಕೇಳ್ತೀನಿ.”

“ಬರ್ರಿ. ಸಂಜಿ ಆರೂವರಿಗೆ.”

ಅಷ್ಟರಲ್ಲಿ ಅವಳ ಫೋನಿನ ಪರದೆ ಬೆಳಗಿತು. ಖಾನಾಪುರದ ಮನೆಯ ಬಲ್ಬ್ ಹತ್ತಿತ್ತು. ಹಾಸಿಗೆಯ ಮೇಲೆ ಕುಳಿತೇ ಆಯಿ ಬಟನ್ ಒತ್ತಿದ್ದಳು. ಈ ಹೊತ್ತಿಗೆ ಕೈ ಮುಗಿಯುತ್ತಿರುತ್ತಾಳೆ. ದಾನೇಶ್ವರಿ ಫೋನನ್ನು ಕೌಂಟರಿನ ಮೇಲೆ ಅವನಿಗೂ ಕಾಣುವಂತೆ ಇಟ್ಟಳು. ಇಬ್ಬರೂ ಅದಕ್ಕೆ ಕೈ ಮುಗಿದರು.